ಅಳೆಯದೆ ಬರೆದ ಅಂಕಿ

ಆಚಾರ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಗಬ್ಬೂರಿನ ಆಚೆ ಒಂದು ಹತ್ತಿಹೊಲದ ಮೂಲೆಯಲ್ಲಿ ನಿಂತಿದ್ದೆ. ಮೂರು ಕಾಲಿನ ಮೇಲೆ ಅಳತೆಯ ಯಂತ್ರ ಕೂತಿತ್ತು. ಹೊಲ ಪಾಲು ಮಾಡಿಕೊಳ್ಳುತ್ತಿದ್ದ ಅಣ್ಣತಮ್ಮಂದಿರಿಬ್ಬರು ಒಬ್ಬರ ಮುಖ ಒಬ್ಬರು ನೋಡದೆ ಬೀಡಿ ಸೇದುತ್ತಿದ್ದರು. ಫೋನಿನಲ್ಲಿ ಆಚಾರ್ರ ಮಗಳು ಎರಡೇ ಮಾತು ಹೇಳಿದಳು, ನಾನು ಹೂಂ ಅಂದೆ. ಮಧ್ಯಾಹ್ನದ ಬಿಸಿಲಿಗೆ ಎದುರಿನ ಎರೆಹೊಲ ನೀರಿನ ಹಾಗೆ ಅಲುಗಾಡುತ್ತಿತ್ತು. ಆ ಅಲುಗಾಟದೊಳಗೆ, ದೂರದ ಬದುವಿನ ಮೇಲೆ, ಒಂದು ಬಿಳಿ ಪಂಚೆ ನಿಧಾನಕ್ಕೆ ನಡೆದುಹೋದಂತೆ ಕಂಡಿತು. ಕೊಕ್ಕರೆ ಇದ್ದೀತು. ಆದರೂ ಯಂತ್ರ ಬಿಟ್ಟು, ಅದು ಮರೆಯಾಗುವ ತನಕ ನೋಡುತ್ತ ನಿಂತೆ. ಸತ್ತವರು ಇಷ್ಟು ಜಲ್ದಿ ತಿರುಗಾಡಲಿಕ್ಕೆ ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ ಇವರು ಬದುವಿನ ಮೇಲೆಯೇ ಬರುವವರು, ಬಿತ್ತಿದ ಹೊಲ ತುಳಿದು ಬರುವವರಲ್ಲ.

ಅವರು ಮೋಜಣಿ ಕೆಲಸದಲ್ಲಿ, ಅಂದರೆ ಜಮೀನು ಅಳೆಯುವ ಸರಕಾರಿ ಕೆಲಸದಲ್ಲಿ, ತಲೆ ಬೆಳ್ಳಗಾಗಿಸಿಕೊಂಡು ನಿವೃತ್ತರಾದವರು. ಮೂಲ ಮಾನ್ವಿಯವರು, ಇದ್ದದ್ದು ರಾಯಚೂರಿನಲ್ಲಿ, ಮಾವಿನಕೆರೆಯ ಹತ್ತಿರದ ಒಂದು ಓಣಿಯಲ್ಲಿ. ಭೂಮಾಪಕರ ಪರವಾನಗಿ ಪರೀಕ್ಷೆಗೆ ಕೂಡುವ ನಮ್ಮಂಥವರಿಗೆ ಭಾನುವಾರ ಪಾಠ ಹೇಳುತ್ತಿದ್ದರು. ಹಣೆಯ ಮೇಲೆ ಅಂಗಾರ, ಅಕ್ಷತೆ. ಪಂಚೆಯ ಮೇಲೆ ನೀಲಿ ಮಸಿಯ ಕಲೆ. ನಮ್ಮ ಜೊತೆ ಹೋಟೆಲಿಗೆ ಬಂದು, ನಾವು ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನುವುದನ್ನು ಪ್ರೀತಿಯಿಂದ ನೋಡುತ್ತ ಬರೀ ಚಹಾ ಕುಡಿಯುತ್ತಿದ್ದರು. ಚಹಾಕ್ಕೆ ಮಡಿ ಇಲ್ಲೇನ್ರಿ ಎಂದು ನಾನೊಮ್ಮೆ ಕೆಣಕಿದೆ. ಚಹಾ ಬಿಸಿ ಇರುವ ತನಕ ಯಾವ ದೋಷವೂ ಅದರ ಹತ್ತಿರ ಸುಳಿಯುವುದಿಲ್ಲವೆಂದು ಹೇಳಿ ಇನ್ನೊಂದು ಕಪ್ಪು ತರಿಸಿದರು.

ಅವರೊಂದಿಗೆ ಮಾತಾಡುವುದು ಸುಲಭವಾಗಿರಲಿಲ್ಲ. ಬಸ್‌ ಸ್ಟ್ಯಾಂಡು ಇಲ್ಲೇ ಅದ ಅಂದರೆ, ಇಲ್ಲೇ ಅಂದ್ರ ಎಷ್ಟು ಅನ್ನುವರು. ಸ್ವಲ್ಪ ತಡಿರಿ ಅಂದರೆ ಸ್ವಲ್ಪ ಅಂದರೆ ಎಷ್ಟು. ನನಗೋ ಸಿಟ್ಟು ಮೂಗಿನ ಮೇಲೆ. ಒಂದು ದಿನ ತಡೆಯಲಾಗದೆ, ನಿಮ್ಮ ಮನೆಯವರು ನಿಮ್ಮ ಜೊತೆ ಹ್ಯಾಂಗ ಬಾಳ್ವೆ ಮಾಡ್ತಾರ್ರಿ ಅಂದುಬಿಟ್ಟೆ. ಒಳಗಿನಿಂದ ಅವರ ಹೆಂಡತಿ ನಕ್ಕದ್ದು ಕೇಳಿಸಿತು. ಆಮೇಲೆ ಆಕೆ ನನಗೊಂದು ಕಿರಾಣಿ ಚೀಟಿ ತಂದು ತೋರಿಸಿದರು. ಮೋಜಣಿಯ ಫೀಲ್ಡ್ ಬುಕ್ಕನ್ನು ಪುಟದ ಕೆಳಗಿನಿಂದ ಮೇಲಕ್ಕೆ ಬರೆಯುತ್ತಾರೆ, ಹೊಲದಲ್ಲಿ ಹೆಜ್ಜೆ ಹೇಗೆ ಮುಂದೆ ಹೋಗುತ್ತದೋ ಹಾಗೆ. ಆಚಾರ್ರು ಉದ್ದಿನಬೇಳೆ, ಬೆಲ್ಲವನ್ನೂ ಕೆಳಗಿನಿಂದ ಮೇಲಕ್ಕೆ ಬರೆದಿದ್ದರು.

ಅವರ ಪಾಠದಲ್ಲಿ ಪುಸ್ತಕ ಇರಲಿಲ್ಲ. ತಪ್ಪುಗಳಿದ್ದವು.

"ಪರೀಕ್ಷಾದಾಗ ಮಂದಿ ಏನೇನು ತಪ್ಪು ಮಾಡ್ತಾರ, ಅವೆಲ್ಲಾ ನಾ ಮಾಡೀನಿ," ಎಂದು ಮೊದಲ ದಿನವೇ ಹೇಳಿದರು. "ನೀವು ಮತ್ತ ಅವನ್ನೇ ಮಾಡಬ್ಯಾಡ್ರಿ. ಮಾಡೂದಿದ್ರ ಹೊಸಾವು ಮಾಡ್ರಿ."

ಆ ಮಾತು ಸುಳ್ಳಲ್ಲ. ಇಲಾಖೆಯೊಳಗೆ ಮೇಲಿನ ಹುದ್ದೆಗೆ ಒಂದು ಪರೀಕ್ಷೆ ಇರುತ್ತಿತ್ತಂತೆ. ಆಚಾರ್ರು ಮತ್ತೆ ಮತ್ತೆ ಕೂತು, ಪ್ರತಿ ಸಲವೂ ಫೇಲಾಗಿ, ಸೇರಿದ ಹುದ್ದೆಯಲ್ಲೇ ನಿವೃತ್ತರಾದವರು. ಅವರ ಕೈಯಲ್ಲಿ ಕಲಿತವರು ಪಾಸಾಗಿ ಅವರಿಗೇ ಸಾಹೇಬರಾಗಿ ಬಂದದ್ದೂ ಇತ್ತು. ಒಂದೊಂದು ತಪ್ಪನ್ನೂ ಅವರು ಮಗುವನ್ನು ಪರಿಚಯಿಸುವ ಹಾಗೆ ಪರಿಚಯಿಸುತ್ತಿದ್ದರು. ಅಳೆಯುವ ಮೊದಲು ಸರಪಳಿಯ ಉದ್ದ ಸರಿ ಇದೆಯೋ ಇಲ್ಲವೋ ನೋಡದೇ ಇರುವುದು: ಇದು ನಂದು. ಹೊಸ ಚಪ್ಪಲಿ ಹಾಕಿಕೊಂಡು ಹೊಲಕ್ಕೆ ಹೋಗಿ, ಅರ್ಧ ದಿನಕ್ಕೆ ಕಾಲಲ್ಲಿ ಬೊಬ್ಬೆ ಎದ್ದು ಕೂಡುವುದು: ಇದೂ ನಂದು. ಅಳತೆಯ ಗುರುತಿಗೆಂದು ಸರಪಳಿಗೆ ತೂಗುಬಿಟ್ಟ ಹಿತ್ತಾಳೆ ಬಿಲ್ಲೆಗಳು ಎರಡೂ ತುದಿಯಿಂದ ಒಂದೇ ಥರ ಕಾಣುತ್ತವೆ. ಉಲ್ಟಾ ತುದಿಯಿಂದ ಎಣಿಸಿದರೆ ಹನ್ನೆರಡು ಆಣೆಯ ಜಾಗ ನಾಲ್ಕು ಆಣೆ ಆಗುತ್ತದೆ. ಆಣೆ ಅಂದರೆ ಇಲ್ಲಿ ದುಡ್ಡಲ್ಲ, ಉದ್ದ. ನಮ್ಮ ಸರಪಳಿ ಮೂವತ್ತಮೂರು ಅಡಿ, ಅದಕ್ಕೆ ಹದಿನಾರು ಆಣೆ. ಒಂದು ಆಣೆ ಎರಡು ಅಡಿಗೆ ಚೂರು ಹೆಚ್ಚು. ಉಲ್ಟಾ ಎಣಿಸಿ ಮಾನ್ವಿ ಸೀಮೆಯಲ್ಲಿ ಒಬ್ಬರ ಬಾವಿಯನ್ನು ಪಕ್ಕದವರ ಹೊಲದೊಳಗೆ ಇಟ್ಟು ಬಂದಿದ್ದರಂತೆ. ಬಾವಿಯ ಯಜಮಾನ ಕೊಡ ಹಿಡಿದುಕೊಂಡೇ ಕಚೇರಿಗೆ ಬಂದಿದ್ದನಂತೆ.

ರಬ್ಬರು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ತಪ್ಪಿದರೆ ಒಂದು ಗೆರೆ ಎಳೆ, ಬಾಜೂಕ ಸರಿ ಬರೆ, ಸಹಿ ಮಾಡು, ಮುಗೀತು ಅನ್ನುವರು. ತಪ್ಪು ಏನಾಗಿತ್ತೆಂದು ಓದಲಿಕ್ಕೆ ಬರಬೇಕು, ಅಳಿಸಿದರೆ ನೆಲಕ್ಕೆ ಅವಮಾನ ಎಂಬ ಒಂದು ವಿಚಿತ್ರ ಲೆಕ್ಕ ಅವರದು. ಮೌಖಿಕ ಪರೀಕ್ಷೆಯ ಅಭ್ಯಾಸಕ್ಕೆ ಹೆಂಡತಿಯ ಕನ್ನಡಕ ಏರಿಸಿಕೊಂಡು ಕುರ್ಚಿಯ ಮೇಲೆ ಸಾಹೇಬರಂತೆ ಕೂಡುತ್ತಿದ್ದರು. ಅರ್ಧ ಪ್ರಶ್ನೆ ಕೇಳಿ ಕಿಟಕಿಯ ಕಡೆ ನೋಡುವರು. ನಮ್ಮಲ್ಲೊಬ್ಬ ಆಗಲೇ ಉತ್ತರ ಶುರು ಮಾಡಿಬಿಟ್ಟಿರುತ್ತಿದ್ದ. ಪ್ರಶ್ನೆ ಇನ್ನೂ ದಾರಿಯಲ್ಲಿದೆ, ಬಂದು ಮುಟ್ಟಲಿ, ಕೈಕಾಲು ತೊಳೆದುಕೊಳ್ಳಲಿ ಅನ್ನುವರು.

ಒಂದನ್ನು ಮಾತ್ರ ಅವರು ಹೇಳುತ್ತಿರಲಿಲ್ಲ. ಕೊನೆಯ ಸಲ ಯಾಕೆ ಫೇಲಾದಿರಿ ಎಂದು ಯಾರು ಕೇಳಿದರೂ, ಆ ಸಾಹೇಬರಿಗೆ ನನ್ನ ಅಂಗಿ ಸೇರಲಿಲ್ಲ ಎಂದು ಎದ್ದುಬಿಡುತ್ತಿದ್ದರು.

ಇನ್ನು ನನ್ನ ಕಥೆ. ನಮ್ಮಪ್ಪ ಗಬ್ಬೂರಿನ ಕುರಿಗಾರ. ಸಿವಿಲ್ ಡಿಪ್ಲೊಮಾ ಮುಗಿಸಿ, ದೇವದುರ್ಗಕ್ಕೆ ಮದುವೆಯಾಗಿ ಹೋಗಿ, ಮಗಳನ್ನು ಹೆತ್ತ ಮೇಲೆ ನನಗೆ ಈ ಪರವಾನಗಿಯ ಹುಚ್ಚು ಹತ್ತಿತು. ನಮ್ಮ ತಂಡಕ್ಕೆ ಇದ್ದದ್ದು ಎರಡೇ ಅವಕಾಶ. ಅತ್ತೆ ಮಗಳನ್ನು ನೋಡಿಕೊಳ್ಳಲು ಒಪ್ಪಿದರು, ನಾನು ರಾಯಚೂರಿನಲ್ಲಿ ಒಂದು ಕೋಣೆ ಹಿಡಿದೆ. ಎರಡೂ ಸಲ ಆಗಲಿಲ್ಲವೆಂದರೆ ಕೋಣೆ ಖಾಲಿ ಮಾಡಿ ಬರುವುದು, ಮತ್ತೆ ಆ ಮಾತೇ ಎತ್ತಬಾರದು ಎಂದು ಗಂಡ ಹೇಳಿದ. ಅವನು ಕೆಟ್ಟವನಲ್ಲ. ಮಗಳು ದಿನಾ ಸಂಜೆ ಫೋನಿನಲ್ಲಿ, ಯವ್ವಾ, ಯಾವಾಗ ಬರ್ತಿ, ಅಂತ ಕೇಳುವಾಗ ಅವನಾದರೂ ಏನು ಮಾಡಬೇಕು?

ಕುರಿಗಾರರ ಮಕ್ಕಳಿಗೆ ಒಂದು ಕಣ್ಣಿರುತ್ತದೆ. ಆ ಜಾಲಿಗಿಡ ಎಷ್ಟು ದೂರ, ಈ ಹೊಲ ದಾಟಲಿಕ್ಕೆ ಮಂದೆಗೆ ಎಷ್ಟು ಹೊತ್ತು, ಎಲ್ಲಾ ಒಂದು ನೋಟಕ್ಕೆ ತಿಳಿಯುತ್ತದೆ. ಅಪ್ಪ ದಿಬ್ಬದ ಮೇಲೆ ಕೋಲೂರಿ ನಿಂತು, ಎರಡು ನೂರು ಕುರಿಯಲ್ಲಿ ಒಂದು ಕಮ್ಮಿ ಇದೆ ಎಂದು ಎಣಿಸದೇ ಹೇಳುತ್ತಿದ್ದ. ನನಗೂ ಆ ಕಣ್ಣು ಬಂದಿತ್ತು, ಅದರ ಸೊಕ್ಕೂ ಇತ್ತು. ಮೊದಲ ಸಲ ಹೊಲದ ಪರೀಕ್ಷೆ ಚಂದ್ರಬಂಡದ ಕಡೆ ನಡೆಯಿತು. ಎಲ್ಲಾ ಅಳೆದು ಮುಗಿದಿತ್ತು, ಕೊನೆಯ ಒಂದು ಮೂಲೆ ಜಾಲಿಯ ಪೊದೆಯ ಆಚೆ ಉಳಿದಿತ್ತು. ಬಿಸಿಲು, ಮುಳ್ಳು, ಹೊತ್ತೂ ಕಮ್ಮಿ. ಕಣ್ಣು ಹಾಯಿಸಿದೆ. ಎರಡು ಸರಪಳಿ ಮೂರು ಆಣೆ ಎಂದು ಕಣ್ಣು ಹೇಳಿತು, ಕೈ ಬರೆಯಿತು. ಪರೀಕ್ಷೆಯ ಸಾಹೇಬರು ಅದೊಂದನ್ನೇ ಮತ್ತೆ ಅಳೆಸಿದರು. ಎರಡು ಸರಪಳಿ ಐದು ಆಣೆ. ಬರೆದುಕೊಂಡು ಹೋದರು. ನಾನು ಫೇಲು.

ಅಳುತ್ತ ಹೋದೆ ಅಂತ ತಿಳಿಯಬೇಡಿ, ಜಗಳಕ್ಕೇ ಹೋದೆ. ಆಚಾರ್ರ ಮುಂದೆ ಕೂತು, ಅಷ್ಟು ದೂರದಿಂದ ನೋಡಿ ಬರೀ ನಾಲ್ಕು ಅಡಿ ತಪ್ಪಿದ್ದು ತಪ್ಪೇನ್ರಿ, ಬೇರೆ ಯಾರಾದರೂ ಹೇಳಲಿ ನೋಡೋಣ ಎಂದು ಕೂಗಾಡಿದೆ. ಅವರು ಬೈಯುತ್ತಾರೆ, ಇಲ್ಲಾ ನಗುತ್ತಾರೆ ಅಂದುಕೊಂಡಿದ್ದೆ. ಇದು ನಂದು ಎಂದಾದರೂ ಅಂದಾರು ಅಂದುಕೊಂಡಿದ್ದೆ. ಅವರು ಬಿಳಿಚಿಕೊಂಡು, ಚಹಾದ ಕಪ್ಪು ಕೆಳಗಿಟ್ಟು, ಒಳಗೆ ಹೋಗಿಬಿಟ್ಟರು. ಬಹಳ ಹೊತ್ತಾದ ಮೇಲೆ ಹೆಂಡತಿ ಹೊರಗೆ ಬಂದು, ಇವತ್ತು ಪಾಠ ಇಲ್ಲಂತ ನೋಡವ್ವಾ, ಅಂದರು. ನನಗೆ ಅವಮಾನವಾಯಿತು. ಇನ್ನು ಈ ಮುದುಕನ ಹೊಸ್ತಿಲು ತುಳಿಯುವುದಿಲ್ಲ ಎಂದು ಬಯ್ದುಕೊಳ್ಳುತ್ತ ಕೆರೆಯ ದಂಡೆಯಲ್ಲಿ ನಡೆದೆ.

ಮುಂದಿನ ಭಾನುವಾರ ಬೆಳಿಗ್ಗೆ ಅವರೇ ನನ್ನ ಕೋಣೆಯ ಮುಂದೆ ನಿಂತಿದ್ದರು. ಕೈಯಲ್ಲಿ ಸರಪಳಿಯ ಚೀಲ. ಯಾಪಲದಿನ್ನಿಯ ಬಸ್ ಹಿಡಿದೆವು. ಇಳಿದು, ಒಂದು ಖಾಲಿ ಹೊಲದ ಬದುವಿನ ಮೇಲೆ ನನ್ನನ್ನು ನಿಲ್ಲಿಸಿ, ಎದುರಿನ ಬೇವಿನ ಗಿಡ ತೋರಿಸಿದರು.

"ಎಷ್ಟು?"

ನಾಲ್ಕು ಸರಪಳಿ ಆರು ಆಣೆ ಅಂದೆ. ಇಬ್ಬರೂ ಸರಪಳಿ ಎಳೆದೆವು. ನಾಲ್ಕು ಸರಪಳಿ ಏಳು ಆಣೆ ಬಂತು. ಅವರು ಒಂದು ಕ್ಷಣ ನನ್ನ ಕಣ್ಣನ್ನೇ ನೋಡಿದರು.

"ಭಾಳ ಛಲೋ ಕಣ್ಣು ತಂಗಿ. ಇದನ್ನ ಬಾಯಾಗಿಟ್ಕೋ. ಅಳಿಯೂಕಿಂತ ಮೊದಲ ಅಂದಾಜು ಬಾಯ್ಲೆ ಹೇಳು, ಗಾಳಿಗೆ ಹೇಳು, ನನಗ ಹೇಳು. ಪುಸ್ತಕದಾಗ ಮಾತ್ರ ಕಾಲು ನಡದದ್ದು ಬರಿ. ಎರಡೂ ಭಾಳ ದೂರ ಬಂದ್ವು ಅಂದ್ರ, ಎಲ್ಲೋ ತಪ್ಪ್ಯದ, ಮತ್ತ ಅಳಿ."

ಆವತ್ತಿನಿಂದ ಅದೇ ನಮ್ಮ ಆಟವಾಯಿತು. ಎಷ್ಟೋ ಭಾನುವಾರ ಆ ಕಲ್ಲುನೆಲದ ಮೇಲೆ, ನಾನು ಒಂದು ತುದಿ, ಅವರು ಒಂದು ತುದಿ. ನಡುವೆ ಸರಪಳಿ ಹುಲ್ಲಿನ ಮೇಲೆ ಸರಸರ ಹರಿಯುವುದು. ಅವರು ಬಿಸಿಲಿನ ಜಳದೊಳಗೆ ತೆಳ್ಳಗಾಗುತ್ತ ಹೋಗಿ, ಕಾಲು ನೆಲಕ್ಕೆ ತಾಗಿಲ್ಲವೇನೋ ಅನ್ನಿಸುವ ಹಾಗೆ ಕಾಣುವರು. ಅಲ್ಲಿಂದ ತೇಲಿಬಂದ ದನಿ ಎಷ್ಟು ಎಂದು ಕೇಳುವುದು, ನಾನು ಕೂಗಿ ಹೇಳುವುದು. ಒಮ್ಮೊಮ್ಮೆ ಅಳತೆ ಮರೆತು ಇಬ್ಬರೂ ಸುಮ್ಮನೆ ನಿಂತುಬಿಡುತ್ತಿದ್ದೆವು. ಹೊಲದಾಚೆ ಯಾರದೋ ಮಂದೆಯ ಗಂಟೆ ಕೇಳಿಸುತ್ತಿತ್ತು. ನನ್ನ ಬದುಕಿನಲ್ಲಿ ಅಷ್ಟು ಹಗುರಾಗಿದ್ದ ದಿನಗಳು ಬೇರೆ ಇಲ್ಲ. ಮಗಳಿಂದ ದೂರ ಇದ್ದ ದಿನಗಳೂ ಅವೇ ಎಂದು ನೆನೆದರೆ ಈಗಲೂ ತಪ್ಪಿತಸ್ಥಳ ಹಾಗೆ ಅನ್ನಿಸುತ್ತದೆ.

ಎರಡನೆಯ ಪರೀಕ್ಷೆಗೆ ತಿಂಗಳಿರುವಾಗ ಆಚಾರ್ರು ಬಚ್ಚಲಲ್ಲಿ ಜಾರಿ ಬಿದ್ದರು. ತಲೆಗೆ ಪೆಟ್ಟು. ಗಾಯ ಮಾಯಿತು, ಆದರೆ ನೆನಪು ಚೆದರಿತು. ಅವರ ಮಗಳು ಅಪ್ಪ ಅವ್ವ ಇಬ್ಬರನ್ನೂ ಮಾನ್ವಿಗೆ ತನ್ನ ಮನೆಗೆ ಕರೆದುಕೊಂಡು ಹೋದಳು. ನಾನು ಒಬ್ಬಳೇ ಉಳಿದೆ, ಒಬ್ಬಳೇ ಗಾಳಿಗೆ ಅಂದಾಜು ಹೇಳುತ್ತ ತಯಾರಿ ಮಾಡಿದೆ. ಬದುವಿನ ಮೇಲೆ ತನ್ನಷ್ಟಕ್ಕೆ ಮಾತಾಡುವ ಹೆಂಗಸನ್ನು ನೋಡಿ ಹೊಲದವರು ಏನಂದುಕೊಂಡರೋ.

ಪರೀಕ್ಷೆಯ ದಿನ ಹೊಲ ದೊಡ್ಡದು ಕೊಟ್ಟರು. ಸರಪಳಿ ಎಳೆಯಲು ಇಬ್ಬರು ಆಳುಗಳು. ನಡುವಿನ ಉದ್ದ ಗೆರೆ ಅಳೆಯುವ ಮೊದಲು ಆರು ಸರಪಳಿ ಚಿಲ್ಲರೆ ಎಂದು ಮೆಲ್ಲಗೆ ಬಾಯಲ್ಲಿ ಹೇಳಿಕೊಂಡೆ. ಆಳುಗಳು ಐದು ಸರಪಳಿ ಎರಡು ಆಣೆ ಎಂದು ಕೂಗಿದರು, ಬರೆದುಕೊಂಡೆ. ಬರೆದ ಮೇಲೆ ಗೆರೆಯುದ್ದಕ್ಕೂ ಇನ್ನೊಮ್ಮೆ ನೋಡಿದೆ. ಒಂದು ಸರಪಳಿ ಎಣಿಕೆಯಲ್ಲಿ ಬಿಟ್ಟುಹೋಗಿದೆ ಎಂದು ಕಣ್ಣು ಹೇಳುತ್ತಿತ್ತು. ಉಳಿದದ್ದು ಹತ್ತೇ ನಿಮಿಷ, ಅಳೆಯದ ಮೂಲೆ ಇನ್ನೊಂದಿತ್ತು. ಗೆರೆಯನ್ನು ಮತ್ತೆ ಅಳೆದರೆ ಮೂಲೆ ಹೋಯಿತು, ಮೂಲೆಗೆ ಹೋದರೆ ಗೆರೆ ತಪ್ಪು. ಗೆರೆಯ ಅಂಕಿಯನ್ನು ಆರು ಮಾಡಿ, ಮೂಲೆಯನ್ನೂ ಅಂದಾಜಿನಲ್ಲಿ ಬರೆದು ಎದ್ದರೆ ನಕ್ಷೆ ಮುದ್ದಾಗಿ ಮುಗಿಯುತ್ತಿತ್ತು. ದೇವರಾಣೆಗೂ ಬರೆಯಬೇಕು ಅನ್ನಿಸಿತು. ದೇವದುರ್ಗದ ಅಡುಗೆಮನೆ ಕಣ್ಣ ಮುಂದೆ ಬಂತು.

ಗೆರೆಯನ್ನು ಮತ್ತೆ ಅಳೆಸಿದೆ. ಆರು ಸರಪಳಿ ಎರಡು ಆಣೆ. ಹಳೆಯ ಅಂಕಿಯ ಮೇಲೆ ಒಂದು ಗೆರೆ ಎಳೆದು, ಬಾಜೂಕ ಸರಿ ಬರೆದು, ಸಹಿ ಮಾಡಿದೆ. ಅಷ್ಟರಲ್ಲಿ ಹೊತ್ತು ಮುಗಿಯಿತು. ಮೂಲೆಯ ಜಾಗದಲ್ಲಿ "ಅಳೆದಿಲ್ಲ" ಎಂದು ಬರೆದು ಕೊಟ್ಟೆ. ಉಳಿದವರ ನಕ್ಷೆಗಳೆಲ್ಲ ಪೂರ್ತಿಯಾಗಿದ್ದವು.

ಮೌಖಿಕದಲ್ಲಿ ಸಾಹೇಬರು, ಈ ಸಲ ಬೇರೆಯವರು, ನನ್ನ ಫೀಲ್ಡ್ ಬುಕ್ಕು ತಿರುವುತ್ತ ಆ ಮೂಲೆಯ ಹತ್ತಿರ ಬೆರಳಿಟ್ಟರು.

"ಇದು ಎಷ್ಟಿದ್ದೀತು?"

"ಅಳದಿಲ್ರಿ."

"ಅಂದಾಜು ಹೇಳ್ರಿ."

"ಹೇಳ್ತೀನ್ರಿ. ಆದ್ರ ಬರಕೋಬ್ಯಾಡ್ರಿ."

ಅವರು ನನ್ನನ್ನು ನೋಡಿದರು, ಪೆನ್ನು ಕೆಳಗಿಟ್ಟರು. ಒಂದು ಸರಪಳಿ ಹತ್ತು ಆಣೆ ಅಂದೆ. ಸರಿ ಹೋಗ್ರಿ ಅಂದರು. ಅಷ್ಟೇ. ಆ ಮೂಲೆ ನಿಜಕ್ಕೂ ಎಷ್ಟಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಪರವಾನಗಿಯ ಪತ್ರ ಬಂದ ದಿನ ದೇವದುರ್ಗಕ್ಕೆ ಫೋನ್ ಮಾಡಿ, ಗಂಡನ ಜೊತೆ ಅತ್ತು, ಮಗಳ ಜೊತೆ ನಕ್ಕು, ನೇರ ಮಾನ್ವಿಯ ಬಸ್ ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಬಾಗಿಲಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದು ತಗ್ಗಿದ ದನಿಯಲ್ಲಿ, ಇವರು ಈಗ ಯಾರ ಗುರ್ತೂ ಹಿಡಿಯೂದಿಲ್ಲವ್ವಾ, ಮನಸಿಗೆ ಹಚ್ಕೋಬ್ಯಾಡ, ಎಂದು ಎಚ್ಚರಿಸಿದರು. ಇಳಿಹೊತ್ತಿನ ಬಿಸಿಲು ಪಡಸಾಲೆಯ ಅರ್ಧಕ್ಕೆ ಬಂದಿತ್ತು. ಆಚಾರ್ರು ಮಂಚದ ಮೇಲೆ ಕೂತು ಆ ಬಿಸಿಲಿನ ಅಂಚನ್ನೇ ನೋಡುತ್ತಿದ್ದರು. ಬಹಳ ಸಣ್ಣಗಾಗಿದ್ದರು.

ನನ್ನ ಕಂಕುಳಲ್ಲಿ ಪತ್ರದ ಫೈಲು ಇತ್ತು. ಅದನ್ನು ನೋಡಿದ್ದೇ ಅವರು ತಡವರಿಸಿ ಎದ್ದು ನಿಂತರು. ಅಂಗಿಯ ಗುಂಡಿ ಹಾಕಿಕೊಂಡರು.

"ಬರ್ರಿ ಸಾಹೇಬ್ರ."

ಸಾಹೇಬರಲ್ರಿ, ನಾನು ನಿಮ್ಮ ಗಬ್ಬೂರಿನ ಹುಡುಗಿ ಅನ್ನಲು ಬಾಯಿ ತೆರೆದೆ. ಅವರು ಕೈ ಮುಂದೆ ಕಟ್ಟಿಕೊಂಡು, ಕಣ್ಣು ನೆಲಕ್ಕೆ ಹಾಕಿ, ನಾನು ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಡತೊಡಗಿದ್ದರು.

"ಆ ಮೂಲಿ ನಾ ಅಳದಿಲ್ರಿ ಸಾಹೇಬ್ರ. ಹಳ್ಳದ ಆಚೆ ಇತ್ತು. ನೀರು ಬಂದಿತ್ತು. ದಂಡಿ ಮ್ಯಾಲ ನಿಂತು ಅಂದಾಜಿನ್ಯಾಗ ಬರದೆ. ನೀವು ಕೇಳಿದಾಗ ಅಳದೀನಿ ಅಂತ ಹೇಳಿದೆ. ಅದು ಸುಳ್ಳರಿ."

ನಾನು ಜಗಳಕ್ಕೆ ಹೋದ ದಿನ ಅವರು ನನ್ನ ಮೇಲೆ ಮುನಿಸಿಕೊಂಡು ಒಳಗೆ ಹೋದದ್ದಲ್ಲ ಎಂದು ಆಗ ಗೊತ್ತಾಯಿತು. ಇಷ್ಟು ವರ್ಷ ಎಲ್ಲರ ಮುಂದೆ ಎಲ್ಲಾ ತಪ್ಪು ಎಣಿಸಿ, ಇದೊಂದನ್ನು ಎದೆಯೊಳಗಿಟ್ಟುಕೊಂಡು ಈ ಮನುಷ್ಯ ಬಾಳಿದ್ದರು. ಅವರು ತಲೆ ಎತ್ತಲಿಲ್ಲ. ತೀರ್ಪಿಗೆ ಕಾಯುತ್ತಿದ್ದರು.

ನಾನು ಫೈಲು ತೆರೆದೆ. ಪೆನ್ನು ತೆಗೆದೆ.

"ಟೈಮ್ ಅದ್ರಿ ಆಚಾರ್ರ," ಅಂದೆ. "ಹೋಗಿ ಅಳದು ಬರ್ರಿ."

ಅವರು ನಂಬದವರ ಹಾಗೆ ನನ್ನನ್ನು ನೋಡಿದರು. ಆಮೇಲೆ ಪಂಚೆ ಮೇಲೆ ಕಟ್ಟಿ ಅಂಗಳಕ್ಕೆ ಇಳಿದರು. ನಡುವೆ ಹಾದು ಹೋಗಲಿಲ್ಲ. ಗೋಡೆಯ ಬದಿಗೇ, ಹೆಜ್ಜೆಗೆ ಹೆಜ್ಜೆ ತಾಗಿಸಿ, ತುಟಿ ಅಲುಗಿಸಿ ಎಣಿಸುತ್ತ, ಸಂಜೆಯ ಬೆಳಕಿನಲ್ಲಿ ಅಂಗಳದ ಕಡೆಯ ಮೂಲೆಯ ತನಕ ಹೋದರು. ಅಲ್ಲಿ ಬಹಳ ಹೊತ್ತು ನಿಂತರು. ಅವರ ಕಾಲ ಕೆಳಗೆ ಯಾವ ಹಳ್ಳ ಹರಿಯುತ್ತಿತ್ತೋ. ಬಗ್ಗಿ, ಇಲ್ಲದ ಕಲ್ಲನ್ನು ಮುಟ್ಟಿ, ಹಾಗೇ ತಿರುಗಿ ಎಣಿಸುತ್ತ ಬಂದರು. ಹಣೆಯ ಮೇಲೆ ಬೆವರಿತ್ತು.

"ಮೂರು ಸರಪಳಿ ಒಂದು ಆಣೆ ರೀ. ನಾ ಮೂರು ಸರಪಳಿ ಅಂತ ಬರದಿದ್ದೆ. ಒಂದ ಆಣೆ ತಪ್ಪಿತ್ರಿ. ಒಂದ ಆಣೆ."

ಬರೆದುಕೊಂಡೆ. ನನ್ನ ಹೊಸ ಪತ್ರದ ಹಿಂದಿನ ಖಾಲಿ ಪುಟವೇ ಸಿಕ್ಕಿತು, ಅದರ ಮೇಲೆ ಬರೆದು ಸಹಿ ಮಾಡಿದೆ.

"ಪಾಸಾದ್ರಿ."

ಅವರು ನನಗೆ ಕೈ ಮುಗಿದರು. ತಡೆಯಲು ಹೋದೆ, ಆಗಲಿಲ್ಲ. ಆಮೇಲೆ ಬಾಗಿಲಿನ ಕಡೆ ತಿರುಗಿ, ಅಲ್ಲೇ ನಿಂತಿದ್ದ ಹೆಂಡತಿಯನ್ನು ಒಳಗೆಲ್ಲೋ ಇದ್ದಾಳೆಂಬಂತೆ ಕೂಗಿ ಕರೆದರು.

"ಏ, ಕೇಳಿದೇನ? ಪಾಸಾದೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಕೇಳಿದೆ," ಅಂದರು. "ಕೂಡ್ರಿ. ಸಾಹೇಬ್ರಿಗೆ ಚಹಾ ತರ್ತೀನಿ."

ಚಹಾ ಕುಡಿದು ಕಡೆಯ ಬಸ್ಸಿಗೆ ಎದ್ದೆ. ನಾನು ಪಾಸಾದ ಸುದ್ದಿ ಅವರಿಗೆ ಹೇಳಲೇ ಇಲ್ಲ.